ಒಳ್ಳೆ ವೈರು ಅಜ್ಜಿ ರೂಮಿಗೂ ಹೋಗ್ಲಿ

1/8

ಮೊದಲನೇ ಫೋಟೋ ಸ್ವಲ್ಪ ದೊಡ್ಡದು ಮಾಡ್ಕೊಂಡು ನೋಡಿ. ಒಂದೇ ಮಾಳಿಗೆ, ಮೂರು ಡಿಶ್. ಮೂರೂ ಒಂದೇ ಕಂಪನಿಯವು. ಮೂರೂ ಒಂದೇ ದಿಕ್ಕಿಗೆ ಮುಖ ಮಾಡಿ, ಒಂದೇ ಉಪಗ್ರಹವನ್ನ ನೋಡ್ತಾ ನಿಂತಿವೆ. ಮನೆ ಯಾರದು ಅಂತ ಹೇಳಲ್ಲ. ನಮ್ಮ ಸಿರಿಗೆರೆಯಲ್ಲಿ ಮಠದ ಕಡೆಯಿಂದ ಬಸ್ ಸ್ಟ್ಯಾಂಡ್ ತನಕ ತಲೆ ಎತ್ಕೊಂಡು ನಡೆದ್ರೆ ಇಂಥ ಮಾಳಿಗೆ ಇನ್ನೂ ಸಿಗ್ತವೆ.

ಕಥೆ ಎಲ್ಲಾ ಮನೆಯದ್ದೂ ಹೆಚ್ಚುಕಮ್ಮಿ ಒಂದೇ. ಮೊದಲು ಪಡಸಾಲೆಗೆ ಒಂದು ಟಿವಿ, ಒಂದು ಡಿಶ್. ಆಮೇಲೆ ಮಗ-ಸೊಸೆಗೆ ಅಂತ ಮೇಲೆ ರೂಮ್ ಕಟ್ಟಿಸಿದ್ರು. ಇನ್ನೊಂದು ಟಿವಿ, ಇನ್ನೊಂದು ಡಿಶ್. ಪಡಸಾಲೆಗೆ ದೊಡ್ಡ ಟಿವಿ ಬಂದಾಗ ಅಲ್ಲಿದ್ದ ಹಳೇದು ಒಳಗಿನ ಕೋಣೆಗೆ ಹೋಯ್ತು, ಅಂದ್ರೆ ಅಜ್ಜಿ ಮಲಗೋ ಕೋಣೆಗೆ. ಅದಕ್ಕೊಂದು ಮೂರನೇ ಡಿಶ್ಶು, ಹಳೇ ಬಾಕ್ಸು, ಮಿಕ್ಕಿದ ವೈರು.

ಈ ಸಲದ ಸರಣಿಯಲ್ಲಿ ನಾನು ಹೇಳೋದು ಎರಡು ಮಾತು. ಒಂದು, ಒಂದು ಮನೆಗೆ ಒಂದು ಡಿಶ್ ಸಾಕು. ಇನ್ನೊಂದಕ್ಕೆ ಕೆಲವರಿಗೆ ಸಿಟ್ಟು ಬರಬಹುದು: ಮನೆಗೆ ಒಂದೇ ಎಚ್‌ಡಿ ಬಾಕ್ಸ್ ಹಾಕಿಸೋ ಶಕ್ತಿ ಇದ್ರೆ, ಅದು ಹೋಗಬೇಕಾದ್ದು ಪಡಸಾಲೆಗಲ್ಲ, ಅಜ್ಜಿ ರೂಮಿಗೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

2/8

"ಡಿಶ್ ಒಂದೇ ಇರ್ಲಿ ಬಿಡ್ರಿ, ಕೆಳಗೊಂದು ಸ್ಪ್ಲಿಟರ್ ಹಾಕಿ ಮೂರು ಕಡೆ ಎಳೆದ್ರಾಯ್ತು." ಈ ಮಾತು ಹೇಳೋರು ಪ್ರತಿ ಬೀದಿಯಲ್ಲೂ ಒಬ್ಬರು ಇರ್ತಾರೆ. ಕೇಬಲ್ ಟಿವಿ ಕಾಲದಲ್ಲಿ ಅದು ಸರಿ ಇತ್ತು. ಕೇಬಲ್‌ನವರ ವೈರಿನಲ್ಲಿ ಎಲ್ಲಾ ಚಾನೆಲ್ಲೂ ಒಟ್ಟಿಗೇ ಹರಿದು ಬರ್ತಿದ್ವು, ಎಷ್ಟು ಕವಲು ಮಾಡಿದ್ರೂ ಪ್ರತಿ ಕವಲಲ್ಲೂ ಎಲ್ಲವೂ ಇರ್ತಿತ್ತು.

ಡಿಶ್ ಹಾಗಲ್ಲ. ಬಟ್ಟಲು ಬರೀ ಕನ್ನಡಿ ಇದ್ದಂಗೆ. ನಿಜವಾದ ಕೆಲಸ ಅದರ ಮುಂದೆ ಕೋಲಿನ ತುದಿಯಲ್ಲಿ ಕೂತಿರೋ ಸಣ್ಣ ಡಬ್ಬಿಯದು, ಅದೇ ಎಲ್‌ಎನ್‌ಬಿ. ಸುಮಾರು 36,000 ಕಿ.ಮೀ. ಎತ್ತರದಿಂದ ಬರೋ ಅಲೆಗಳು 10.7ರಿಂದ 12.75 ಗಿಗಾಹರ್ಟ್ಸ್‌ನವು. ಅಷ್ಟು ಚುರುಕಾದ ಅಲೆ ನಮ್ಮ ವೈರಿನಲ್ಲಿ ಹತ್ತಡಿ ಇಳಿಯೋದ್ರೊಳಗೆ ಸೊರಗಿ ಹೋಗುತ್ತೆ. ಅದಕ್ಕೆ ಎಲ್‌ಎನ್‌ಬಿ ಅದನ್ನ 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕೆಳಗೆ ಕಳಿಸುತ್ತೆ. ಆದ್ರೆ ಎಲ್ಲವನ್ನೂ ಒಟ್ಟಿಗೆ ಕಳಿಸಲ್ಲ. ಉಪಗ್ರಹದಿಂದ ಚಾನೆಲ್‌ಗಳು ಅಡ್ಡ ಅಲೆ, ಉದ್ದ ಅಲೆ ಅಂತ ಎರಡು ಬಗೆಯಲ್ಲಿ ಬರ್ತವೆ. ಯಾವುದು ಬೇಕು ಅಂತ ಕೆಳಗಿನ ಬಾಕ್ಸ್ ಹೇಳಬೇಕು. ಅದೇ ವೈರಿನಲ್ಲಿ 13 ವೋಲ್ಟ್ ಮೇಲೆ ಕಳಿಸಿದ್ರೆ ಒಂದು ಬಗೆ, 18 ವೋಲ್ಟ್ ಕಳಿಸಿದ್ರೆ ಇನ್ನೊಂದು.

ಈಗ ಒಂದೇ ಎಲ್‌ಎನ್‌ಬಿಗೆ ಸ್ಪ್ಲಿಟರ್ ಹಾಕಿ ಎರಡು ಬಾಕ್ಸ್ ಕಟ್ಟಿದ್ರಿ ಅಂದ್ಕೊಳ್ಳಿ. ದಾವಣಗೆರೆ ಹೋಟೆಲ್‌ನಲ್ಲಿ ಒಬ್ಬನೇ ಸಪ್ಲೈಯರ್, ಅವನ ಕೈಲಿ ಒಂದೇ ತಟ್ಟೆ. ಒಬ್ಬರು ಬೆಣ್ಣೆ ದೋಸೆ ಅಂತಾರೆ, ಇನ್ನೊಬ್ಬರು ಖಾಲಿ ದೋಸೆ ಅಂತಾರೆ. ಜೋರಾಗಿ ಕೂಗಿದವರಿಗೆ ದೋಸೆ ಬರುತ್ತೆ. ಇಲ್ಲಿ ಜೋರು ಅಂದ್ರೆ 18 ವೋಲ್ಟ್. ಮೇಲಿನ ರೂಮಿನಲ್ಲಿ ಯಾರೋ ಚಾನೆಲ್ ಬದಲಾಯಿಸ್ತಾರೆ, ಕೆಳಗೆ ಅಜ್ಜಿ ನೋಡ್ತಿದ್ದ ಧಾರಾವಾಹಿ ಅರ್ಧಕ್ಕೇ ನಿಲ್ಲುತ್ತೆ. "ಬಾಕ್ಸ್ ಹಾಳಾಗೈತೆ" ಅಂತ ಹೊಸ ಬಾಕ್ಸ್ ತರ್ತಾರೆ. ಅದೂ ಹಾಗೇ ಮಾಡುತ್ತೆ.

3/8

ದಾರಿ ಇದೆ, ಹೊಸದೂ ಅಲ್ಲ. ಎರಡನೇ ಫೋಟೋದಲ್ಲಿರೋ ಎಲ್‌ಎನ್‌ಬಿಯ ಕೆಳಗಡೆ ನಾಲ್ಕು ಬಾಯಿ ಕಾಣ್ತಿವೆಯಲ್ಲ, ಅದು ಕ್ವಾಡ್. ಎರಡು ಬಾಯಿಯದು ಟ್ವಿನ್, ಎಂಟು ಬಾಯಿಯದು ಆಕ್ಟೋ. ಪ್ರತಿ ಬಾಯಿಗೂ ಒಳಗೆ ಅದರದೇ ಸ್ವಿಚ್ ಇರುತ್ತೆ. ಒಂದೊಂದು ಬಾಯಿಂದ ಒಂದೊಂದು ವೈರು ನೇರ ಒಂದೊಂದು ಬಾಕ್ಸಿಗೆ. ಯಾರ ಆರ್ಡರ್ ಯಾರಿಗೂ ಅಡ್ಡ ಬರಲ್ಲ. ಬಟ್ಟಲು ಅದೇ ಇರುತ್ತೆ. ಡಬ್ಬಿ ಬದಲಾಯಿಸಿ ವೈರು ಎಳೆದ್ರೆ ಮುಗೀತು.

ಅಂಗಡಿಯಲ್ಲಿ ಎರಡು ವಿಷಯಕ್ಕೆ ಹುಷಾರಾಗಿರಿ. ಕ್ವಾಡ್ ಬೇರೆ, ಕ್ವಾಟ್ರೋ ಬೇರೆ. ಹೆಸರು ಒಂದೇ ಥರ ಕೇಳುತ್ತೆ, ಬಾಯಿಗಳೂ ನಾಲ್ಕೇ. ಆದ್ರೆ ಕ್ವಾಟ್ರೋ ನೇರ ಬಾಕ್ಸಿಗೆ ಹಾಕೋಕಲ್ಲ, ಮಧ್ಯೆ ಮಲ್ಟಿಸ್ವಿಚ್ ಬೇಕು. ಅದು ಹಾಸ್ಟೆಲ್ಲು, ಲಾಡ್ಜು, ಅಪಾರ್ಟ್‌ಮೆಂಟಿನಂಥ ಕಡೆಗೆ. ಇನ್ನೊಂದು, ಎಲ್‌ಎನ್‌ಬಿ ನಿಮ್ಮ ಕಂಪನಿಯ ಸಿಗ್ನಲ್‌ಗೆ ಹೊಂದೋ ಅಂಥದ್ದೇ ಆಗಿರಬೇಕು. ಬಾಕ್ಸಿನ ಹೆಸರು ಹೇಳಿ ಕೇಳಿ ತಗೊಳ್ಳಿ. ಒಂದೇ ವೈರಿನಲ್ಲಿ ಹಲವು ಬಾಕ್ಸ್ ನಡೆಸೋ ಯುನಿಕೇಬಲ್ ಅನ್ನೋ ಪದ್ಧತಿಯೂ ಇದೆ. ಯುರೋಪಿನಲ್ಲಿ 2007ರಿಂದ ಅದಕ್ಕೊಂದು ಮಾನದಂಡ ಇದೆ. ಆದ್ರೆ ಬಾಕ್ಸೂ ಅದಕ್ಕೆ ತಕ್ಕಂಗೆ ಇರಬೇಕು, ಇಲ್ಲಾಂದ್ರೆ ಉಪಯೋಗ ಇಲ್ಲ.

ಹಾಗಾದ್ರೆ ಮೂರು ಡಿಶ್ ಯಾಕೆ ಬರ್ತವೆ? ಹಾಕೋಕೆ ಬರೋ ಹುಡುಗರನ್ನ ನಾನು ಬೈಯಲ್ಲ. ಹೊಸ ಕನೆಕ್ಷನ್‌ನ ಪೆಟ್ಟಿಗೆಯಲ್ಲಿ ಡಿಶ್ಶೂ ಇರುತ್ತೆ, ಅದನ್ನ ನಿಲ್ಲಿಸಿ ಹೋಗೋದು ಅವರಿಗೆ ಸುಲಭ. ಬಿಸಿಲಲ್ಲಿ ಬೈಕಲ್ಲಿ ಹತ್ತಾರು ಊರು ಸುತ್ತಬೇಕು. ಕೇಳಬೇಕಾದವರು ನಾವು. ಫೋನ್ ಮಾಡುವಾಗ "ಹೊಸ ಕನೆಕ್ಷನ್ ಬೇಕು" ಅನ್ನಬೇಡಿ. "ಇರೋ ಕನೆಕ್ಷನ್‌ಗೆ ಮಲ್ಟಿ ಟಿವಿ ಬೇಕು, ಡಿಶ್ ಬೇಡ, ಎಲ್‌ಎನ್‌ಬಿ ಬದಲಾಯಿಸಿ" ಅನ್ನಿ. ಈ ಒಂದು ಮಾತಿಗೆ ತಿಂಗಳ ಬಿಲ್ಲೂ ಬದಲಾಗುತ್ತೆ, ಆರನೇ ಭಾಗದಲ್ಲಿ ಹೇಳ್ತೀನಿ.

ವೈರಿನ ವಿಚಾರ. ಆರ್‌ಜಿ-6 ಹಾಕಿಸಿ. ಹಳೇ ಕೇಬಲ್‌ನವರು ಬಿಟ್ಟುಹೋದ ಸಣ್ಣ ವೈರು ಬೇಡ. ನೂರು ಮೀಟರ್ ಆರ್‌ಜಿ-6ರಲ್ಲಿ 1000 ಮೆಗಾಹರ್ಟ್ಸ್ ಸಿಗ್ನಲ್ ಸುಮಾರು 20 ಡೆಸಿಬಲ್ ಕಳ್ಕೊಳ್ಳುತ್ತೆ, ಅಂದ್ರೆ ನೂರರಲ್ಲಿ ಒಂದು ಪಾಲು ಉಳಿಯುತ್ತೆ. ಗಾಬರಿ ಬೇಡ, ನಮ್ಮ ಮನೆಗಳಲ್ಲಿ ಇಪ್ಪತ್ತು ಮೀಟರ್ ದಾಟೋದು ಅಪರೂಪ. ಅಷ್ಟು ನಷ್ಟವನ್ನ ಬಾಕ್ಸ್ ತಡ್ಕೊಳ್ಳುತ್ತೆ. ಸಿಗ್ನಲ್ ತಿನ್ನೋದು ಉದ್ದ ಅಲ್ಲ, ಜಾಯಿಂಟು. ಎರಡು ತುಂಡು ವೈರು ಹೆಣೆದು ಕರೀ ಟೇಪ್ ಸುತ್ತಿ ಮಾಳಿಗೆ ಮೇಲೆ ಬಿಟ್ಟಿರ್ತಾರಲ್ಲ, ಅದು. ಬೇಸಿಗೆಗೆ ಟೇಪಿನ ಅಂಟು ಕರಗುತ್ತೆ, ಮಳೆಗೆ ನೀರು ಇಳಿಯುತ್ತೆ, ತಾಮ್ರ ಕಪ್ಪಾಗುತ್ತೆ. ಎಲ್‌ಎನ್‌ಬಿಯಿಂದ ಬಾಕ್ಸಿನ ತನಕ ಒಂದೇ ತುಂಡು ಇರಲಿ. ಮನೆಯೊಳಗೆ ನುಗ್ಗೋ ಮೊದಲು ವೈರು ಒಂದು ಸಲ ಕೆಳಗೆ ಜೋತು ಮೇಲೆ ಹತ್ತಲಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತೆ, ಗೋಡೆಯೊಳಗೆ ಬರಲ್ಲ.

4/8

"ಎಚ್‌ಡಿ ಬಾಕ್ಸ್ ಹಾಕ್ಸಿದೀವಿ, ಏನೂ ವ್ಯತ್ಯಾಸ ಕಾಣಲ್ಲ ಕಣ್ರೀ." ಈ ಮಾತು ಕೇಳಿದಾಗೆಲ್ಲಾ ನಾನು ಮೊದಲು ಟಿವಿ ಹಿಂದೆ ಬಗ್ಗಿ ನೋಡ್ತೀನಿ. ಬಹಳ ಸಲ ಅಲ್ಲಿ ಹಳದಿ, ಕೆಂಪು, ಬಿಳಿ ಪಿನ್ನಿನ ಹಳೇ ವೈರೇ ಇರುತ್ತೆ. ಆ ಹಳದಿ ಪಿನ್ನಿನಲ್ಲಿ ಎಚ್‌ಡಿ ದಾಟಲ್ಲ. ಎಚ್‌ಡಿಎಂಐ ವೈರೇ ಬೇಕು.

ವೈರು ಸರಿ ಇದ್ರೆ ಪ್ಯಾಕ್ ನೋಡಿ. ಬಾಕ್ಸ್ ಎಚ್‌ಡಿ ಆದ ಮಾತ್ರಕ್ಕೆ ಚಾನೆಲ್ ಎಚ್‌ಡಿ ಆಗಲ್ಲ. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸುವರ್ಣ, ಇವಕ್ಕೆಲ್ಲಾ ಎಸ್‌ಡಿ ಒಂದು, ಎಚ್‌ಡಿ ಒಂದು ಅಂತ ಬೇರೆ ಬೇರೆ ಚಾನೆಲ್ಲೇ ಇವೆ, ನಂಬರೂ ಬೇರೆ, ದುಡ್ಡೂ ಬೇರೆ. ಒಂದೇ ಚಾನೆಲ್‌ನ ಎಸ್‌ಡಿ, ಎಚ್‌ಡಿ ಎರಡನ್ನೂ ಒಂದೇ ಗೊಂಚಲಲ್ಲಿ ತುಂಬಬಾರದು ಅಂತ ಟ್ರಾಯ್ ನಿಯಮವೇ ಇದೆ. ಎಸ್‌ಡಿ ಚಿತ್ರ ಅಂದ್ರೆ 720 ಚುಕ್ಕಿ ಅಗಲ, 576 ಸಾಲು. ಎಚ್‌ಡಿ ಅಂದ್ರೆ 1920 ಚುಕ್ಕಿ, 1080 ಸಾಲು. ಗುಣಿಸಿ ನೋಡಿ, ಸರಿಯಾಗಿ ಐದು ಪಟ್ಟು.

ಇನ್ನೊಂದು ವಿಷಯ ಅಂಗಡಿಯವರು ಹೇಳೋದು ಕಮ್ಮಿ. ಹಳೇ ಎಸ್‌ಡಿ ಪದ್ಧತಿಯಲ್ಲಿ ಅಲೆಯ ಪ್ರತಿ ಹೆಜ್ಜೆಗೆ ಎರಡು ಬಿಟ್ ಹೊರಿಸ್ತಿದ್ರು. ಎಚ್‌ಡಿಗೆ ಬಂದ ಹೊಸ ಪದ್ಧತಿಯಲ್ಲಿ ಹಲವು ಕಡೆ ಮೂರು ಬಿಟ್ ಹೊರಿಸ್ತಾರೆ. ಹೊರೆ ಜಾಸ್ತಿ ಆದಷ್ಟೂ ಸಿಗ್ನಲ್ ಶುದ್ಧವಾಗಿರಬೇಕು. ಅದಕ್ಕೇ ಟೇಪ್ ಸುತ್ತಿದ ಹಳೇ ವೈರಿನಲ್ಲಿ ಎಸ್‌ಡಿ ಚೆನ್ನಾಗಿ ಬರ್ತಿದ್ದು, ಎಚ್‌ಡಿ ಹಾಕಿದ ದಿನವೇ ಚೌಕ ಚೌಕವಾಗಿ ಒಡೆಯುತ್ತೆ. ಹಳೇ ಆಂಟೆನಾದ ಹಾಗೆ ಚಿತ್ರ ಮೆಲ್ಲಗೆ ಮಸುಕಾಗಲ್ಲ. ಇದ್ರೆ ಪೂರ್ತಿ ಇರುತ್ತೆ, ಇಲ್ಲಾಂದ್ರೆ ಇಲ್ಲವೇ ಇಲ್ಲ. ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಸ್ಟ್ರೆಂತ್, ಸಿಗ್ನಲ್ ಕ್ವಾಲಿಟಿ ಅಂತ ಎರಡು ಪಟ್ಟಿ ಇರ್ತವೆ. ಹುಡುಗರು ಮೊದಲನೇದು ತೋರಿಸಿ "ಫುಲ್ ಐತೆ ಸಾರ್" ಅಂತಾರೆ. ನೀವು ಎರಡನೇದನ್ನ ನೋಡಿ.

5/8

ಇದು ನಮ್ಮ ಊರಿಗೇ ಸೇರಿದ ಲೆಕ್ಕ. ಸಿರಿಗೆರೆ ಸುಮಾರು 14 ಡಿಗ್ರಿ ಉತ್ತರದಲ್ಲಿದೆ, 76 ಡಿಗ್ರಿ ಪೂರ್ವದಲ್ಲಿದೆ. ಉಪಗ್ರಹಗಳು ಭೂಮಧ್ಯ ರೇಖೆಯ ನೆತ್ತಿಗೆ ನಿಂತಿರ್ತವೆ, ಅಂದ್ರೆ ನಮಗೆ ದಕ್ಷಿಣಕ್ಕೆ. ಡಿಟಿಎಚ್‌ಗೆ ಬಳಸೋವು ನಮಗಿಂತ ಪೂರ್ವಕ್ಕಿವೆ. ಹಾಗಾಗಿ ನಮ್ಮ ಡಿಶ್‌ಗಳೆಲ್ಲಾ ಆಗ್ನೇಯದ ಕಡೆ ಮುಖ ಮಾಡ್ತವೆ. ಟಾಟಾ ಪ್ಲೇ 83 ಡಿಗ್ರಿಯಲ್ಲಿದೆ, ನಮ್ಮಿಂದ ನೋಡಿದ್ರೆ ಅದು ಆಕಾಶದಲ್ಲಿ 71 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಮ್ಮಿ ನೆತ್ತಿ ಹತ್ರ. ದೂರದರ್ಶನದ ಡಿಡಿ ಫ್ರೀ ಡಿಶ್ 93.5 ಡಿಗ್ರಿ, ಎತ್ತರ ಸುಮಾರು 64. ಏರ್‌ಟೆಲ್ 108.2 ಡಿಗ್ರಿ, ಎತ್ತರ 50ರ ಹತ್ರ. ಬಟ್ಟಲು ನೋಡಿದ್ರೆ ಇಷ್ಟು ಮೇಲೆ ನೋಡ್ತಿದೆ ಅನ್ನಿಸಲ್ಲ. ಎಲ್‌ಎನ್‌ಬಿಯನ್ನ ಒಂದು ಪಕ್ಕಕ್ಕೆ ಕೂರಿಸಿರೋ ಬಟ್ಟಲು ಅದು, ಮುಖ ಒಂದು ಕಡೆ, ಕಣ್ಣು ಇನ್ನೂ ಮೇಲೆ.

ಈ ಲೆಕ್ಕದಿಂದ ಏನು ಪ್ರಯೋಜನ ಅಂದ್ರೆ, ತೆಂಗಿನ ಮರ. ಡಿಶ್‌ಗಿಂತ 40 ಅಡಿ ಎತ್ತರ ನಿಂತ ಮರ ಆಗ್ನೇಯಕ್ಕೆ ಇದ್ರೆ, 108ರ ಕಡೆ ನೋಡೋ ಡಿಶ್ ಅದರಿಂದ 34 ಅಡಿಯಾದ್ರೂ ದೂರ ಇರಬೇಕು. 83ರ ಕಡೆ ನೋಡೋದಕ್ಕೆ 14 ಅಡಿ ಸಾಕು. ಡಿಶ್ ನಿಲ್ಲಿಸುವಾಗ ಪಕ್ಕದ ಮನೆಯವರು ಮೇಲೆ ಇನ್ನೊಂದು ಅಂತಸ್ತು ಏರಿಸ್ತಾರೋ ಏನೋ ಅನ್ನೋದನ್ನೂ ಯೋಚ್ನೆ ಮಾಡಿ. ಮರ ಕಡಿಯೋಕೆ ಹೋಗಬೇಡಿ ಮಾರಾಯ್ರೇ, ಡಿಶ್ಶನ್ನ ಮಾಳಿಗೆಯ ಇನ್ನೊಂದು ಮೂಲೆಗೆ ಸರಿಸಿ.

ಆಷಾಢದ ಗಾಳಿ ನಿಮಗೆ ಗೊತ್ತೇ ಇದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಇಟ್ಟಿಗೆ ಹೇರಿ ನಿಲ್ಲಿಸಿದ ಡಿಶ್ ಆ ಗಾಳಿಗೆ ಕೂದಲೆಳೆಯಷ್ಟು ತಿರುಗಿದ್ರೂ ಮೊದಲು ಹೋಗೋದು ಎಚ್‌ಡಿ. ಗೋಡೆಗೋ ಕಾಂಕ್ರೀಟಿಗೋ ಬೋಲ್ಟ್ ಹೊಡೆಸಿ. ಮೂರು ಡಿಶ್ ಇದ್ರೆ ಮೂರನ್ನೂ ಬಿಗಿ ಮಾಡಬೇಕು. ಒಂದಿದ್ರೆ ಒಂದನ್ನ ಗಟ್ಟಿಯಾಗಿ ಮಾಡಿದ್ರೆ ಸಾಕು. ಭರಣಿ ಮಳೆ ಗುಡುಗು-ಸಿಡಿಲು ತರೋ ಮೊದಲು ಡಿಶ್ ಕಂಬಕ್ಕೆ ಅರ್ಥಿಂಗ್ ಕೊಡಿಸಿ. ಗುಡುಗು ಶುರು ಆಗೋ ಮುಂಚೆ ಪ್ಲಗ್ಗು ಒಂದೇ ಅಲ್ಲ, ಬಾಕ್ಸಿನ ಹಿಂದಿನ ಡಿಶ್ ವೈರನ್ನೂ ಬಿಚ್ಚಿಡಿ.

ಮೇಲಿನದು ನಮ್ಮ ಕೈಲಿಲ್ಲ. 2010ರ ಜುಲೈನಲ್ಲಿ ಇನ್ಸಾಟ್-4ಬಿ ಉಪಗ್ರಹದ ವಿದ್ಯುತ್ ವ್ಯವಸ್ಥೆ ಕೆಟ್ಟು, ಸನ್ ಡೈರೆಕ್ಟ್ ಬೇರೆ ಉಪಗ್ರಹಕ್ಕೆ ಹೋಗಬೇಕಾಯ್ತು, ಜನ ಮತ್ತೆ ಡಿಶ್ ತಿರುಗಿಸಿಕೊಳ್ಳಬೇಕಾಯ್ತು. ಅಂಥದ್ದು ಯಾವಾಗಲೋ ಒಂದ್ಸಲ. ಮಾಳಿಗೆ ಮೇಲಿನ ಟೇಪು ವರ್ಷ ವರ್ಷ ಕೆಡುತ್ತೆ.

6/8

ದುಡ್ಡಿನ ಮಾತು. ಡಿಶ್ಶು, ವೈರು, ಎಲ್‌ಎನ್‌ಬಿ ಒಂದು ಸಲದ ಖರ್ಚು. ಬಾಕ್ಸ್ ತಿಂಗಳು ತಿಂಗಳು ತಿನ್ನುತ್ತೆ.

2019ರ ಫೆಬ್ರವರಿ 1ರಿಂದ ಟ್ರಾಯ್‌ನ ಹೊಸ ದರ ಪದ್ಧತಿ ಬಂತು. ಚಾನೆಲ್ ದುಡ್ಡು ಬೇರೆ, ಚಾನೆಲ್ ತಲುಪಿಸೋ ಶುಲ್ಕ ಬೇರೆ. ಆ ಶುಲ್ಕಕ್ಕೆ 130 ರೂಪಾಯಿ ಮಿತಿ, ಮೇಲೆ ಶೇ. 18 ಜಿಎಸ್‌ಟಿ, ಅಲ್ಲಿಗೆ 153 ರೂಪಾಯಿ 40 ಪೈಸೆ. ಆ ಲೆಕ್ಕದಲ್ಲಿ ಒಂದು ಎಚ್‌ಡಿ ಚಾನೆಲ್ ಅಂದ್ರೆ ಎರಡು ಎಸ್‌ಡಿ ಚಾನೆಲ್‌ಗೆ ಸಮ. 2020ರ ಜನವರಿಯ ತಿದ್ದುಪಡಿಯಲ್ಲಿ ಒಂದು ಒಳ್ಳೇ ಮಾತು ಸೇರಿತು: ಒಂದೇ ಮನೆಯಲ್ಲಿ ಒಬ್ಬರೇ ಹೆಸರಲ್ಲಿ ಒಂದಕ್ಕಿಂತ ಹೆಚ್ಚು ಟಿವಿ ಇದ್ರೆ, ಎರಡನೇದರಿಂದ ಆ ಶುಲ್ಕದ ಶೇ. 40ಕ್ಕಿಂತ ಜಾಸ್ತಿ ತಗೋಬಾರದು. 130ರ ಶೇ. 40 ಅಂದ್ರೆ 52, ತೆರಿಗೆ ಸೇರಿ 61 ರೂಪಾಯಿ 36 ಪೈಸೆ.

ಆದ್ರೆ ಈ ರಿಯಾಯಿತಿ ಸಿಗೋದು ಮಲ್ಟಿ ಟಿವಿ ಅಂತ ದಾಖಲಾದವರಿಗೆ. ಒಂದು ಅಪ್ಪನ ಹೆಸರಲ್ಲಿ, ಒಂದು ಮಗನ ಹೆಸರಲ್ಲಿ, ಒಂದು ಅಳಿಯ ಆಫರ್‌ನಲ್ಲಿ ತಂದುಕೊಟ್ಟಿದ್ದು ಅಂತ ಇದ್ರೆ ಅವು ಮೂರು ಬೇರೆ ಬೇರೆ ಮನೆ ಇದ್ದಂಗೆ. ಆ ಲೆಕ್ಕದಲ್ಲಿ ಬರೀ ತಲುಪಿಸೋ ಶುಲ್ಕದಲ್ಲೇ ತಿಂಗಳಿಗೆ 184 ರೂಪಾಯಿ ವ್ಯತ್ಯಾಸ, ವರ್ಷಕ್ಕೆ 2,200 ದಾಟುತ್ತೆ. 2024ರ ಜುಲೈನಲ್ಲಿ ಟ್ರಾಯ್ ಈ ಶುಲ್ಕದ ಮಿತಿಯನ್ನೇ ತೆಗೆದು ಕಂಪನಿಗಳಿಗೆ ಬಿಟ್ಟಿತು. ನನ್ನ ಪ್ರಕಾರ ಅದು ಸರಿಯಾದ ಕೆಲಸ ಅಲ್ಲ, ಕೊನೇಪಕ್ಷ ಎರಡನೇ ಟಿವಿಯ ಮಿತಿಯನ್ನಾದ್ರೂ ಉಳಿಸಬೇಕಿತ್ತು. ಈಗ ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ. ಅದಕ್ಕೇ ಕೇಳಿ, ಎರಡು ಕಡೆ ಕೇಳಿ. ಅಜ್ಜಿ ಬಾಕ್ಸಿಗೆ ಅಜ್ಜಿ ನೋಡೋ ಚಾನೆಲ್ ಮಾತ್ರ ಹಾಕೋಕಾಗುತ್ತಾ ಅಂತಲೂ ಕೇಳಿ. ಕ್ರಿಕೆಟ್ ಪ್ಯಾಕಿಗೆ ಅವರ ಕೋಣೆಯಲ್ಲಿ ಕೆಲಸ ಇಲ್ಲ. (ಇದ್ರೆ ಕ್ಷಮಿಸಿ ಅಜ್ಜಿ.)

ಇನ್ನೊಂದು ಅನ್ಯಾಯ ಇದೆ. ಕಂಪನಿ ಬದಲಾಯಿಸಿದ್ರೆ ಕೈಲಿರೋ ಬಾಕ್ಸ್ ಕಸ. ಯಾವ ಕಂಪನಿಗೆ ಬೇಕಾದ್ರೂ ನಡೆಯೋ ಬಾಕ್ಸ್ ಬೇಕು ಅಂತ ಟ್ರಾಯ್ 2020ರ ಏಪ್ರಿಲ್‌ನಲ್ಲೇ ಶಿಫಾರಸು ಮಾಡಿತ್ತು. ಸಿಮ್ ಬದಲಾಯಿಸಿದ್ರೆ ಫೋನ್ ಬಿಸಾಕ್ತೀವಾ? ಮೂರು ಬಾಕ್ಸ್ ಇರೋ ಮನೆಗೆ ಈ ಪೆಟ್ಟು ಮೂರು ಪಟ್ಟು.

7/8

ಈಗ ಅಜ್ಜಿ ರೂಮಿಗೆ ಬರೋಣ.

"ಅಜ್ಜಿಗೆ ಕಣ್ಣೇ ಸರಿ ಕಾಣಲ್ಲ, ಅವರಿಗ್ಯಾಕೆ ಎಚ್‌ಡಿ" ಅಂತ ಕೇಳ್ತಾರೆ. ಲೆಕ್ಕ ಹಾಕಿ ನೋಡೋಣ. ಪಡಸಾಲೆಯಲ್ಲಿ 43 ಇಂಚಿನ ಟಿವಿ, ಸೋಫಾ ಹನ್ನೆರಡು ಅಡಿ ದೂರ. ಸಾಮಾನ್ಯ ಕಣ್ಣಿಗೆ ಆ ಅಳತೆಯ ಟಿವಿಯಲ್ಲಿ ಹತ್ತು-ಹನ್ನೊಂದು ಅಡಿ ದಾಟಿದ ಮೇಲೆ ಎಸ್‌ಡಿಯ ಸಾಲುಗಳೇ ಬಿಡಿಯಾಗಿ ಕಾಣಲ್ಲ. ಅಂದ್ರೆ ಎಚ್‌ಡಿಯ ಹೆಚ್ಚಿನ ಸಾಲುಗಳಿಗೆ ಕೊಟ್ಟ ದುಡ್ಡು ಬಹುಪಾಲು ಗಾಳಿಗೆ. ಅಜ್ಜಿ ಕೋಣೆ ಸಣ್ಣದು. 32 ಇಂಚಿನ ಟಿವಿ, ಮಂಚದಿಂದ ನಾಲ್ಕು-ಐದು ಅಡಿ. ಅಲ್ಲಿ ವ್ಯತ್ಯಾಸ ಎದ್ದು ಕಾಣುತ್ತೆ. ವಾರ್ತೆಯ ಕೆಳಗೆ ಓಡೋ ಅಕ್ಷರ ನೋಡಿ. ಕನ್ನಡದ ಒತ್ತಕ್ಷರ, ದೀರ್ಘ, ಕೊಂಬು ಎಲ್ಲಾ ಎಸ್‌ಡಿಯಲ್ಲಿ ಒಂದಕ್ಕೊಂದು ಅಂಟ್ಕೊಂಡಿರ್ತವೆ. ಮಂಜು ಕಣ್ಣಿನವರಿಗೆ ಮಂಜು ಅಕ್ಷರ ಕೊಟ್ರೆ ಹೆಂಗೆ? ಕನ್ನಡಕಕ್ಕೆ ದುಡ್ಡು ಕೊಡ್ತೀವಿ, ವೈರಿಗೆ ಕೊಡಲ್ಲ.

ಇನ್ನೊಂದು ಸಂಗತಿ. ದೇಶದಲ್ಲಿ ದುಡ್ಡು ಕೊಟ್ಟು ಡಿಟಿಎಚ್ ನೋಡೋ ಕನೆಕ್ಷನ್‌ಗಳು 2020ರ ಸುಮಾರಿಗೆ 7 ಕೋಟಿ ಹತ್ರ ಇದ್ದವು, 2024ಕ್ಕೆ 6 ಕೋಟಿ ಆಸುಪಾಸಿಗೆ ಇಳಿದವು. ಬಿಟ್ಟುಹೋದವರಲ್ಲಿ ಮೊಬೈಲ್ ಹಿಡಿದವರೇ ಜಾಸ್ತಿ ಅನ್ನೋದು ನನ್ನ ಅಂದಾಜು. ಪಡಸಾಲೆಯ ದೊಡ್ಡ ಟಿವಿ ಮುಂದೆ ಕೂತವರೂ ಬಗ್ಗಿಕೊಂಡು ಫೋನ್ ನೋಡ್ತಿರ್ತಾರೆ. ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರ ತನಕ ಟಿವಿಯನ್ನ ಟಿವಿ ಥರ ನೋಡೋರು ಮನೆಯಲ್ಲಿ ಒಬ್ಬರೇ. ಅವರಿಗೇ ಹಳೇ ಬಾಕ್ಸು, ಸವೆದ ರಿಮೋಟು. ಕೈ ಬಿಗಿ ಬಂದ ತಿಂಗಳು ಮೊದಲು ರೀಚಾರ್ಜ್ ನಿಲ್ಲೋದೂ ಅವರದ್ದೇ. ಅವರು ಕೇಳಲ್ಲ. "ಇರ್ಲಿ ಬಿಡಪ್ಪ, ನಿನ್ನ ಫೀಸು ಮುಗೀಲಿ" ಅಂತಾರೆ. ಅವರು ಹಾಗಂದಿದ್ದನ್ನೇ ಒಪ್ಪಿಗೆ ಅಂದ್ಕೊಂಡು ಬಿಟ್ಟಿದ್ದೀವಿ.

ರಿಮೋಟ್ ಬಗ್ಗೆ ಒಂದು ಮಾತು. ಟಿವಿಗೊಂದು, ಬಾಕ್ಸಿಗೊಂದು ಇರುತ್ತೆ. ಟಿವಿ ರಿಮೋಟ್‌ನ ಸೋರ್ಸ್ ಬಟನ್ ತಪ್ಪಿ ಒತ್ತಿದ್ರೆ ಪರದೆ ನೀಲಿ ಆಗಿ "ನೋ ಸಿಗ್ನಲ್" ಬರುತ್ತೆ. ಮೊಮ್ಮಗ ಕಾಲೇಜಿನಿಂದ ಬರೋ ತನಕ ಅಜ್ಜಿ ಆ ನೀಲಿ ಪರದೆ ಮುಂದೆ ಕೂತಿರ್ತಾರೆ. ಆ ಬಟನ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ. ಮಾಳಿಗೆ ಮೇಲೆ ಬೇಡ ಅಂದ ಟೇಪಿಗೆ ಇದು ಸರಿಯಾದ ಜಾಗ.

8/8

ಮೂರು ಬಾಕ್ಸ್ ಬೇಕೇ ಬೇಕಾ ಅನ್ನೋದನ್ನೂ ಕೇಳಿಕೊಳ್ಳಿ. ಎರಡು ಕಡೆ ಒಂದೇ ಹೊತ್ತಿಗೆ ಬೇರೆ ಬೇರೆ ಚಾನೆಲ್ ನೋಡೋರು ಇಲ್ಲ ಅಂದ್ರೆ, ಒಂದೇ ಬಾಕ್ಸಿಗೆ ಎಚ್‌ಡಿಎಂಐ ಸ್ಪ್ಲಿಟರ್ ಹಾಕಿ ಗೋಡೆಯ ಆಚೆಗಿನ ಟಿವಿಗೂ ಕೊಡಬಹುದು. ಎರಡರಲ್ಲೂ ಒಂದೇ ಚಾನೆಲ್ ಬರುತ್ತೆ, ಎರಡನೇ ತಿಂಗಳ ಬಿಲ್ ಇರಲ್ಲ. ವೈರು ತುಂಬಾ ಉದ್ದ ಆಗಬಾರದು ಅಷ್ಟೇ. ಚಂದನ, ವಾರ್ತೆ ಇಷ್ಟೇ ಸಾಕು ಅನ್ನೋ ಕೋಣೆಗೆ 2004ರಿಂದ ನಡೀತಿರೋ ದೂರದರ್ಶನದ ಉಚಿತ ಡಿಶ್ ಇದೆ, ತಿಂಗಳ ಬಾಡಿಗೆ ಇಲ್ಲ. ದುಡ್ಡು ಕೊಡೋ ಚಾನೆಲ್‌ಗಳ ಧಾರಾವಾಹಿ ಅದರಲ್ಲಿ ಸಿಗಲ್ಲ. ನಿಮ್ಮ ಕಂಪನಿಯದ್ದು ಬೇರೆ ಉಪಗ್ರಹ ಆದ್ರೆ ಅದಕ್ಕೆ ಬೇರೆ ಡಿಶ್ ಬೇಕಾಗುತ್ತೆ, ಆ ಎರಡನೇ ಡಿಶ್‌ಗೆ ನನ್ನ ತಕರಾರಿಲ್ಲ.

ಫೈಬರ್ ಹಾಕಿಸಿ ಡಿಶ್ಶೇ ಕಿತ್ತುಹಾಕಿ ಅನ್ನೋರಿಗೆ: ಹಾಕಿಸಿ, ಒಳ್ಳೇದೇ. ಆದ್ರೆ ಆ್ಯಪ್ ತೆರೆದು, ಪಾಸ್‌ವರ್ಡ್ ಹೊಡೆದು, ಧಾರಾವಾಹಿ ಹುಡುಕೋ ಕೆಲಸ ಅಜ್ಜಿ ಕೈಲಿ ದಿನಾ ಆಗುತ್ತಾ ನೋಡಿಕೊಂಡು ಹಾಕಿಸಿ. ಒಂದು ನಂಬರ್ ಒತ್ತಿದ್ರೆ ಉದಯ ಬರಬೇಕು. ಡಿಶ್ ಇನ್ನೂ ಆ ಕೆಲಸ ಮಾಡ್ತಿದೆ.

ಹೊಸ ಮನೆ ಕಟ್ತಿರೋರು ಪ್ಲಾಸ್ಟರ್ ಆಗೋ ಮೊದಲು ಎಲೆಕ್ಟ್ರಿಷಿಯನ್‌ಗೆ ಹೇಳಿ, ಮಾಳಿಗೆಯಿಂದ ಪ್ರತಿ ರೂಮಿಗೂ ಒಂದು ಖಾಲಿ ಪೈಪ್ ಬಿಡಿಸಿ. ಕರೆಂಟ್ ವೈರಿನ ಪೈಪಿನಲ್ಲೇ ತುರುಕಬೇಡಿ. ಅಜ್ಜಿ ರೂಮಿನ ಪೈಪು ಮಂಚದ ಎದುರಿನ ಗೋಡೆಗೆ ಬರಬೇಕು, ತಲೆದಿಂಬಿನ ಪಕ್ಕಕ್ಕಲ್ಲ.

ನಿಮ್ಮ ಮಾಳಿಗೆ ಮೇಲೆ ಎಷ್ಟು ಡಿಶ್ ಇವೆ, ಎಷ್ಟು ಜಾಯಿಂಟ್ ಇವೆ, ಫೋಟೋ ತೆಗೆದು ಮೆಸೇಜ್ ಮಾಡಿ. ಎಲ್‌ಎನ್‌ಬಿಯ ಕೆಳಭಾಗ ಕಾಣೋ ಹಾಗೆ ಇರಲಿ. ಒಂದೇ ಬಾಯಿಯದಾ, ನಾಲ್ಕು ಬಾಯಿಯದಾ ಅಂತ ನೋಡಿ ಹೇಳ್ತೀನಿ. ಬಿಸಿಲು ಇಳಿದ ಮೇಲೆ ಹತ್ತಿ, ಏಣಿ ಹಿಡಿಯೋಕೆ ಒಬ್ಬರು ಕೆಳಗಿರಲಿ.

#ಸಿರಿಗೆರೆ #ಚಿತ್ರದುರ್ಗ #ಮಾಳಿಗೆಮೇಲಿನಮಾತು #ಡಿಶ್